ಉಳಿದ ಬಿಸಿನೀರು

"ನೀರಿನ ಮೀನನ್ನೇ ಮುಳುಗಿಸಿ ಕೊಂದವ ಈ ಪ್ರಪಂಚದಲ್ಲಿ ನೀನೊಬ್ಬನೇ ಮಾರಾಯ," ಎಂದ ಅಣ್ಣ ವಿಷ್ಣುಮೂರ್ತಿ. ಮನೆಯೊಳಗೆ ಹೇಳಿದ್ದರೆ ಆ ಮಾತೇ ಬೇರೆ. ಹಿತ್ತಲಲ್ಲಿ, ಅಕ್ವೇರಿಯಂ ಮೀನಿನ ವ್ಯಾಪಾರಿ ದಿನೇಶನ ಎದುರು, ಕಾಂಪೌಂಡ್ ಗೋಡೆಗೆ ಗದ್ದ ಊರಿ ನಿಂತಿದ್ದ ಪಕ್ಕದ ಮನೆಯವರ ಎದುರು ಹೇಳಿದ. "ಒಂಬತ್ತನೇ ಕ್ಲಾಸು ದಾಟ್ಲಿಕ್ಕೆ ಆಗದವನಿಗೆ ಏಂಜಲ್ ಮೀನು ಬೇರೆ ಕೇಡು. ನಾಳೆಯಿಂದ ಹೋಟೆಲಿಗೆ ಬಂದು ಹಿಟ್ಟು ರುಬ್ಬು. ಹಿಟ್ಟು ಸಾಯುದಿಲ್ಲ."

ಗೋಡೆಯಾಚೆ ಯಾರೋ ಕಿಸಕ್ಕೆಂದರು.

ರೂಪೇಶ್ ತೊಟ್ಟಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಅಷ್ಟೂ ಮೀನು ಅಡ್ಡಡ್ಡ ಬಿದ್ದು ತೇಲುತ್ತಿದ್ದವು. ಬೆಳಿಗ್ಗೆ ಆರಕ್ಕೆ ಹೊದಿಕೆಯ ಒಂದು ಮೂಲೆ ಎತ್ತಿ ನೋಡಿದಾಗ, ಅವನ ಬೆರಳಿನ ನೆರಳಿಗೇ ಬಾಯಿ ತೆರೆದುಕೊಂಡು ಮೇಲೆ ಬಂದಿದ್ದವು. ಏಳಕ್ಕೆ ದಿನೇಶನನ್ನು ಕರೆತರಲು ಮಾಧವರಂ ಬಸ್ ಸ್ಟ್ಯಾಂಡಿಗೆ ಹೋದವನು ವಾಪಸು ಬರುವಷ್ಟರಲ್ಲಿ ಒಂಬತ್ತು. ಅಷ್ಟರೊಳಗೆ ಎಲ್ಲ ಮುಗಿದಿತ್ತು.

ಮದ್ರಾಸಿನಲ್ಲಿ ಚಳಿ ಎಲ್ಲಿದೆ ಎಂದು ನಗುವವರು ನಗಲಿ. ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ, ಬೆಳಗಿನ ಜಾವ ಇಬ್ಬನಿ ಇಳಿದರೆ ಸಾಕು, ತೊಟ್ಟಿಯ ನೀರು ತಣ್ಣಗಾಗಿ ಈ ಮೀನುಗಳು ರೆಕ್ಕೆ ಮುಚ್ಚಿಕೊಂಡು ಮೂಲೆ ಸೇರುತ್ತವೆ. ಅದಕ್ಕೇ ಸಂಜೆಯಾದರೆ ರೂಪೇಶ್ ತೊಟ್ಟಿಗೆ ಫ್ಲೆಕ್ಸ್ ಹೊದಿಸುತ್ತಿದ್ದ. ತ್ರಿಪ್ಲಿಕೇನಿನಲ್ಲಿ ಅಣ್ಣ ನಡೆಸುವ ಹೋಟೆಲಿನದೇ ಹಳೆಯ ಫ್ಲೆಕ್ಸ್, ಮೇಲೆ ಇಡ್ಲಿ-ವಡೆಯ ಚಿತ್ರ. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. ಬಿಸಿಲು ಬಲಿತ ಮೇಲೆ ತೆಗೆಯುವುದು. ಒಂದು ದಿನ ತಪ್ಪಿಸಿದವನಲ್ಲ. "ಸಂಕ್ರಾಂತಿಯವರೆಗೆ ಇವನ್ನು ಉಳಿಸಿ ತೋರಿಸು, ನನ್ನ ಫಾರ್ಮ್ ನೋಡಿಕೊಳ್ಳುವ ಕೆಲಸ ನಿನಗೆ," ಎಂದಿದ್ದ ದಿನೇಶ್. ಸಂಕ್ರಾಂತಿಗೆ ಇನ್ನು ಐದೇ ದಿನ ಇತ್ತು. ಐದು ದಿನ ಕಳೆದಿದ್ದರೆ ಅಣ್ಣನ ಗ್ರೈಂಡರಿನ ಮುಂದೆ ನಿಲ್ಲುವ ಕರ್ಮ ಜನ್ಮಕ್ಕೆ ಮುಗಿಯುತ್ತಿತ್ತು.

"ಕುಳಿರ್ ಇಲ್ಲೆ ತಂಬಿ," ದಿನೇಶ್ ಬಗ್ಗಿ ನೋಡಿ ತಮಿಳಿನಲ್ಲೇ ಹೇಳಿದ. ಇದು ಚಳಿ ಅಲ್ಲ. ಚಳಿಗೆ ಸಾಯುವ ಮೀನು ದಿನಕ್ಕೊಂದು, ಎರಡು ಸಾಯುತ್ತದೆ. ಹೀಗೆ ಒಟ್ಟಿಗೆ ಸಾಯುವುದಿಲ್ಲ. ನೀರಿಗೆ ಯಾರೋ ಏನೋ ಹಾಕಿದ್ದಾರೆ.

ರೂಪೇಶ್ ಎದ್ದು ಅಣ್ಣನ ಎದೆಯ ಹತ್ತಿರ ಬಂದು ನಿಂತ. "ನೀನೇ. ಇನ್ಯಾರು? ನಿನಗೆ ರುಬ್ಲಿಕ್ಕೆ ಜನ ಬೇಕಲ್ಲ. ನಾನು ಉದ್ಧಾರ ಆದ್ರೆ ನಿನ್ನ ಹಿಟ್ಟು ಯಾರು ರುಬ್ಬುದು?"

"ಹೌದು ಹೌದು, ನಿನ್ನ ಮೀನು ಕೊಲ್ಲುದು ಬಿಟ್ರೆ ನನಗೆ ಬೇರೆ ಕೆಲಸ ಉಂಟಾ?"

ಅಷ್ಟರಲ್ಲಿ ತಾಯಿ ಬೇಬಿ ಬಂದವರಿಗೆಂದು ಕಾಫಿ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ತೊಟ್ಟಿ ನೋಡಿದವಳೇ ಲೋಟಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು.

"ಅಯ್ಯೋ ಪಾಪವೇ. ಅಷ್ಟು ಬಿಸಿನೀರು ಹೊಯ್ದ್ರೂ ಚಳಿ ತಡೀಲಿಲ್ವಾ ಇವಕ್ಕೆ?"

"ಯಾವ ನೀರು ಅಮ್ಮ?" ಎಂದ ವಿಷ್ಣುಮೂರ್ತಿ.

"ಇವತ್ತು ಶುಕ್ರವಾರ ಅಲ್ವಾ, ನಿನ್ನ ಮಗಳ ತಲೆಗೆ ಅಂಟುವಾಳ ಕುದಿಸಿದ್ದೆ. ಅರ್ಧ ಬಕೆಟ್ ಉಳೀತು. ಚೆಲ್ಲುದು ಯಾಕೆ ಅಂತ ಹಂಡೆಯ ನೀರು ಬೆರೆಸಿ ಇಲ್ಲಿ ಹೊಯ್ದೆ. ಸುಡ್ತದಾ ಅಂತ ಕೈ ಹಾಕಿ ನೋಡಿಯೇ ಹೊಯ್ದದ್ದು."

ರೂಪೇಶ್ ಮತ್ತೆ ಕೂತು ತೊಟ್ಟಿಗೆ ಕೈ ಅದ್ದಿದ. ಬೆರಳು ನುಣ್ಣಗೆ ಜಾರಿತು. ತೊಟ್ಟಿಯ ಗೋಡೆಯ ಅಂಚಿಗೆ ಬಿಳಿ ನೊರೆ ಇನ್ನೂ ಅಂಟಿಕೊಂಡಿತ್ತು. ಇಷ್ಟು ಹೊತ್ತು ಕಣ್ಣೆದುರೇ ಇದ್ದದ್ದನ್ನು ಅವನು ನೋಡಿರಲಿಲ್ಲ. ಊರಿನಲ್ಲಿ ಶಾಲೆ ತಪ್ಪಿಸಿ ಹೊಳೆಗೆ ಹೋಗುತ್ತಿದ್ದ ಕಾಲದಲ್ಲಿ, ಹುಡುಗರೆಲ್ಲ ಸೇರಿ ನಿಂತ ನೀರಿಗೆ ಹೀಗೇ ನೊರೆ ಬರುವ ಕಾಯಿ ಜಜ್ಜಿ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು, ಕೈಯಲ್ಲೇ ಹೆಕ್ಕುವುದು. ಅಂಟುವಾಳದ ನೀರು ಮೀನಿಗೆ ಏನು ಮಾಡುತ್ತದೆ ಎಂದು ಈ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

"ಅವನನ್ನು ಒಂದು ಮಾತು ಕೇಳ್ಬಾರ್ದಾ ಅಮ್ಮ?" ಎಂದ ವಿಷ್ಣುಮೂರ್ತಿ.

"ಕೇಳಿದ್ದೇನಪ್ಪ. ಇವನನ್ನೇ ಕೇಳಿದ್ದು."

ಕೇಳಿದ್ದಳು. ಅದೂ ಒಂದು ಸಲ ಅಲ್ಲ. ಬೆಳಿಗ್ಗೆ ಬೈಕಿನ ಕೀ ಕೊಡದ ಅಣ್ಣನ ಜತೆ ಜಗಳ ಹತ್ತಿಕೊಂಡಿದ್ದಾಗ ಹಿಂದಿನಿಂದ ಅವಳ ದನಿ ಬಂದಿತ್ತು. ಮಗಾ, ಬಿಸಿನೀರು ಉಳಿದಿದೆ, ಮೀನಿಗೆ ಹೊಯ್ಯಲಾ? ಅವನು ತಿರುಗಲಿಲ್ಲ. ಮಗಾ, ಅಂಟುವಾಳದ್ದು, ಏನೂ ಆಗಲಿಕ್ಕಿಲ್ಲ ಅಲ್ಲವಾ? ಆ ಮಾತೂ ಕಿವಿಗೆ ಬಿದ್ದಿತ್ತು, ಈಗ ನೋಡಿದರೆ ಅಕ್ಷರ ಅಕ್ಷರ ನೆನಪಿದೆ. ಮುಖ ಸಹ ತಿರುಗಿಸದೆ ಕೂಗಿದ್ದ: "ಹೊಯ್ಯಿ, ಇದ್ದಬದ್ದದ್ದೆಲ್ಲ ಹೊಯ್ಯಿ, ನನ್ನ ತಲೆ ಮಾತ್ರ ತಿನ್ಬೇಡ."

ಬೇಬಿ ಸೆರಗಿನಿಂದ ಕೈ ಒರೆಸಿಕೊಂಡು ಅವನ ಹತ್ತಿರ ಬಂದಳು. ಅವಳಿಗೆ ಇನ್ನೂ ಏನೂ ಹೊಳೆದಿರಲಿಲ್ಲ. "ಕೇಳಿದ್ದೆ ಅಲ್ವಾ ಮಗಾ? ಬಿಸಿ ಸಾಕಾಗ್ಲಿಲ್ವಾ ಹೇಗೆ? ಇನ್ನೊಂದು ಬಕೆಟ್ ಹೊಯ್ಯಬೇಕಿತ್ತಾ?"

ದಿನೇಶ್ ಕಾಫಿ ಲೋಟದಿಂದ ತಲೆ ಎತ್ತಿದ. ಗೋಡೆಯಾಚೆಯವರೂ ಕತ್ತು ಉದ್ದ ಮಾಡಿದರು. ರೂಪೇಶ್ ಎದ್ದ. ಮೂಲೆಯಲ್ಲಿ ಸುತ್ತಿಟ್ಟಿದ್ದ ಫ್ಲೆಕ್ಸನ್ನು ಬಿಡಿಸಿ, ಸುಡು ಬಿಸಿಲಿನಲ್ಲಿ ತೊಟ್ಟಿಯ ಮೇಲೆ ಹೊದಿಸಿದ. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟ. ಆಮೇಲೆ ತಾಯಿಯ ಮುಖ ನೋಡದೆ, ಗೇಟು ತೆಗೆದು ನಡೆದುಬಿಟ್ಟ.