ಹೊರಡುವ ಮಾತು

ಊರು ಖಾಲಿ ಬೀಳಬಾರದೆಂದು ಜಪಾನಿನ ಪ್ರತಿ ಹಳ್ಳಿ ಸ್ಟೇಷನ್ನಿಗೂ ಒಬ್ಬರನ್ನು ಕಾನೂನೇ ಕಟ್ಟಿಹಾಕಿತ್ತು. ಬದಲಿ ಸಿಗುವ ತನಕ ಅವರಿಗೆ ರೈಲಿನ ಬಾಗಿಲು ತೆರೆಯುತ್ತಿರಲಿಲ್ಲ. ಮತ್ತೆ ಬರುತ್ತೇನೆಂದು ಅಲ್ಲಿ ಬಾಯಿಬಿಟ್ಟು ಅಂದವರೇ ಬದಲಿ. ದಾವಣಗೆರೆಯಿಂದ ಪ್ರವಾಸ ಬಂದಿದ್ದ ಪಂಕಜಾಕ್ಷಿಗೆ ಇದು ಗೊತ್ತಿತ್ತು. ಹಾಗನ್ನಲು ತನಗೇನು ಹುಚ್ಚೇ ಎಂದುಕೊಂಡೇ ಇಳಿದಿದ್ದಳು.

ಮುದಿ ಸ್ಟೇಷನ್ ಮಾಸ್ತರ ಕುರೋದಾ ಚಹಾ ಕೊಟ್ಟ, ಒಂದು ಕಿತ್ತಳೆ ಹಣ್ಣು ಸುಲಿದುಕೊಟ್ಟ. ಗೋಡೆಯ ಯಂತ್ರ ಅವನ ಮಾತನ್ನು ಕನ್ನಡ ಮಾಡಿ ಹೇಳುತ್ತಿತ್ತು.

"ಯಾವ ಕಡೆಯವರು ತಾಯಿ?"

"ಕರ್ನಾಟಕ."

ಮುದುಕ ನಕ್ಕು, ಅವಳಿಗೆ ಇನ್ನೊಂದು ಹಣ್ಣು ಸುಲಿದ. ಇಪ್ಪತ್ತಾರು ವರ್ಷದಿಂದ ಇಲ್ಲಿ ಒಬ್ಬನೇ ಕಟ್ಟಿಬಿದ್ದಿದ್ದೀನಿ ಎಂದ.

ರೈಲು ಬಂತು. ಬರೀ 'ಹೋಗ್ತೀನಿ' ಅನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಒಂಟಿ ಜೀವದ ಎದುರು ಅಂಥ ಅಪಶಕುನವೇ?

"ಹೋಗಿ ಬರ್ತೀನಿ, ಅಜ್ಜ."

ಯಂತ್ರ ಟಿಣ್ ಎಂದಿತು. ಕುರೋದಾ ತನ್ನ ಟೋಪಿಯನ್ನು ಅವಳ ತಲೆಗಿಟ್ಟು ರೈಲು ಹತ್ತಿದ. ಬಾಗಿಲು ಅವಳ ಮೂಗಿನೆದುರೇ ಮುಚ್ಚಿಕೊಂಡಿತು.

"ಅಯ್ಯೋ, ನಮ್ಮಲ್ಲಿ ಎಲ್ಲರೂ ಹಾಗೇ ಅನ್ನೋದು!"

ಮುದುಕ ಕಿಟಕಿಯಿಂದ ಬಗ್ಗಿದ. ಈ ಸಲ ಯಂತ್ರ ಬೇಕಾಗಲಿಲ್ಲ, ಬಾಯಿಪಾಠ ಮಾಡಿಟ್ಟುಕೊಂಡಿದ್ದ ಕನ್ನಡದಲ್ಲೇ ಹೇಳಿದ:

"ಗೊತ್ತು ತಾಯಿ. ನಾನು ಹೋಗ್ತೀನಿ."