ಜಾರುವ ಸೀಟು

ಪರಮೇಶಿಗೆ ಸೈಕಲ್ ಅಂಗಡಿಯವರನ್ನು ಕಂಡರೆ ಆಗದು. ಪಂಕ್ಚರ್ ಇರಲಿ, ಚೈನ್ ಇರಲಿ, ಮನೆಯಂಗಳದಲ್ಲೇ ರಿಪೇರಿ. ವಾರವಿಡೀ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಅವನು ಸೈಕಲ್ ಮುಟ್ಟುತ್ತಿದ್ದದ್ದು ಭಾನುವಾರ ಮಾತ್ರ. ಆದರೆ ಒಂದು ರೋಗ ಅವನ ಕೈಗೆ ಬಗ್ಗಲಿಲ್ಲ. ಈ ಭಾನುವಾರ ತನ್ನ ಎತ್ತರಕ್ಕೆ ಏರಿಸಿ ಬಿಗಿದ ಸೀಟು ಮುಂದಿನ ಭಾನುವಾರದ ಹೊತ್ತಿಗೆ ನಾಲ್ಕು ಬೆರಳು ಕೆಳಗಿಳಿದಿರುತ್ತಿತ್ತು.

ಬೋಲ್ಟು ಬದಲಿಸಿದ. ಸೀಟಿನ ಕಂಬಿಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿದ. ಹಳೇ ಡಬ್ಬದ ತಗಡು ಕತ್ತರಿಸಿ ಸಂದಿಗೆ ತುರುಕಿದ.

"ಅಂಗಡಿಗೆ ತೋರಿಸ್ಬಾರ್ದಾ, ಇಂಜಿನಿಯರ್ರೇ?" ಎಂದಳು ಹೆಂಡತಿ ಸರ್ವಮಂಗಳ, ಕಾಫಿ ಲೋಟ ಕೊಡುತ್ತ.

"ನೀನು ಸುಮ್ನಿರು. ಸೈಕಲ್ ಹತ್ತೋಕೂ ಬರದೋಳು ನಂಗೆ ಹೇಳ್ಕೊಡೋಕೆ ಬಂದ್ಲು."

"ಕಲಿಸ್ತೀನಿ ಅಂದಿದ್ರಲ್ಲ, ಮದುವೆಯಾದ ಹೊಸದ್ರಲ್ಲಿ?"

"ಮೊದ್ಲು ಇದು ಸರಿಹೋಗ್ಲಿ. ಆಮೇಲೆ ಕಲಿಸ್ತೀನಿ."

"ಹೌದೌದು. ಅಷ್ಟರಲ್ಲಿ ನಂಗೆ ಅರವತ್ತಾಗಿರುತ್ತೆ."

ಮುಂದಿನ ಭಾನುವಾರ ಸೀಟು ಮತ್ತೆ ಕೆಳಗಿತ್ತು. ಪರಮೇಶಿ ಸ್ಪ್ಯಾನರನ್ನು ನೆಲಕ್ಕೆ ಎಸೆದ.

"ಸೋತೆ ಕಣೇ. ಇವತ್ತೇ ಅಂಗಡಿಗೆ ಹೋಗಿ ವೆಲ್ಡಿಂಗ್ ಮಾಡಿಸ್ಬಿಡ್ತೀನಿ. ಆಮೇಲೆ ಈ ಜನ್ಮದಲ್ಲಿ ಅಲ್ಲಾಡಲ್ಲ."

ಅಷ್ಟು ಹೊತ್ತೂ ಮುಸಿಮುಸಿ ನಗುತ್ತಿದ್ದ ಸರ್ವಮಂಗಳಳ ಮುಖ ಸಪ್ಪಗಾಯಿತು. ಬಗ್ಗಿ ಸ್ಪ್ಯಾನರ್ ಎತ್ತಿಕೊಂಡಳು.

"ಮಾಡ್ಸೋದೇ ಆದ್ರೆ ಈಗಿರೋ ಎತ್ತರಕ್ಕೇ ಮಾಡ್ಸಿ ರೀ. ಮೇಲೇರಿಸಿದ್ರೆ ನನ್ನ ಕಾಲು ಪೆಡಲ್‌ಗೆ ಎಟುಕಲ್ಲ."