ಗುಹೆಯ ಕೈದಿ

ರಹೀಮಾ ದಾಳವನ್ನು ಮುಷ್ಟಿಯಲ್ಲಿ ಹಿಡಿದು, "ಎಷ್ಟು ಬಿದ್ರೆ ಕೈದಿ ಹೊರಗೆ ಬರ್ತಾನೆ?" ಎಂದು ಕೇಳಿದರು. ಅಸ್ಫಿಯಾ ಉತ್ತರಕ್ಕಾಗಿ ನೋಟ್‌ಬುಕ್ಕಿನ ಪುಟ ತಿರುವಿದಳು. ಮಾಂತ್ರಿಕ ಗುಹೆಯ ಈ ಸಾಹಸದಾಟವನ್ನು ಬರೆದವನು ರಹೀಮಾರ ಮಗ ಸಲ್ಮಾನ್. ಅವನು ತೀರಿಕೊಂಡು ವರ್ಷವಾಗಿತ್ತು. ಇಂಥ ಆಟಗಳನ್ನು ಆಡಿ ನೋಡಿ ಅಂಕ ಕೊಡುವುದು ಅಸ್ಫಿಯಾಳ ಕೆಲಸವೆಂದು ತಿಳಿದು, ರಹೀಮಾ ಯಲ್ಲಾಪುರದಿಂದ ಶಿರಸಿಗೆ ಬಸ್ಸು ಹತ್ತಿ ಬಂದಿದ್ದರು.

ಕೊನೆಯ ಪುಟದಲ್ಲಿ ಸಲ್ಮಾನ್ ಬರೆದಿದ್ದ: 'ಎಷ್ಟೇ ಬಿದ್ದರೂ ಕೈದಿ ಬರುವುದಿಲ್ಲ. ಯಾರು ಕರೆದರೂ ಬರುವುದಿಲ್ಲ.' ಆಡುವವರಿಗೆ ದಾರಿಯನ್ನೇ ಬಿಡದ ಆಟಕ್ಕೆ ಅಸ್ಫಿಯಾ ಎಂದೂ ಒಳ್ಳೆಯ ಅಂಕ ಕೊಟ್ಟವಳಲ್ಲ.

ದಾಳ ಉರುಳಿತು. "ಎರಡೇ ಬಿತ್ತಲ್ಲ, ಸಾಕಾಗ್ತದಾ?" ಎಂದರು ರಹೀಮಾ.

ಅಸ್ಫಿಯಾ ನೋಟ್‌ಬುಕ್ ಮುಚ್ಚಿದಳು. "ಸಾಕು ಚಾಚಿ. ಬಂದ."

ರಹೀಮಾ ಬೆಂಚಿನ ಮೇಲೆ ತುಸು ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.